ಆಟಗಾರನ ಗುಳೆ

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಯಾದಗಿರಿಯ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತ ಕುಟುಂಬಗಳು ಕಾಣಸಿಗುತ್ತವೆ. ಶಹಾಪುರ, ಸುರಪುರ ತಾಲ್ಲೂಕುಗಳ ಹಲವು ಭಾಗಗಳಿಗೆ ಕೃಷ್ಣೆಯ ಕಾಲುವೆಗಳು ನೀರುಣಿಸುತ್ತಿದ್ದರೂ ಮಳೆಯನ್ನೇ ನಂಬಿದ ಹಳ್ಳಿಗಳು ಇನ್ನೂ ಉಳಿದಿವೆ. ಅಲ್ಲಿಯ ಜನರು ಕಟ್ಟಡದ ಕೆಲಸವನ್ನು ಅರಸಿ ಬೆಂಗಳೂರು, ಮುಂಬಯಿ, ಪುಣೆಗಳತ್ತ ಹೊರಡುತ್ತಾರೆ. ಇದಕ್ಕೆ ಗುಳೆ ಹೋಗುವುದು ಎಂದು ಹೆಸರು. ಮಕ್ಕಳಲ್ಲಿ ಕೆಲವರು ಅಜ್ಜಿಯ ಬಳಿ ಊರಿನಲ್ಲಿಯೇ ಉಳಿಯುತ್ತಾರೆ. ಕೆಲವರು ಶಾಲೆಯನ್ನು ಬಿಟ್ಟು ತಂದೆತಾಯಿಗಳ ಬೆನ್ನು ಹತ್ತುತ್ತಾರೆ. ಗುಳೆಯೆಂಬ ಎರಡಕ್ಷರದ ಮಾತಿನಲ್ಲಿ ಒಂದು ಸಂಸಾರದ ಕಷ್ಟವೂ ಧೈರ್ಯವೂ ಅಡಗಿವೆ.

ಗಾರೆ ಕೆಲಸದವನು ಗುಳೆ ಹೋಗುತ್ತಾನೆಂದರೆ ಯಾರಿಗೂ ಅಚ್ಚರಿಯಾಗದು. ಆಟಗಾರನೂ ಗುಳೆ ಹೋಗುತ್ತಾನೆಂದರೆ ನಂಬುವುದು ಕಷ್ಟ. ಆಟಗಾರನೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಾರ ತುರಾಯಿ, ಜಯಘೋಷ, ಪತ್ರಿಕೆಯ ಚಿತ್ರ. ಆದರೆ ಜಗತ್ತಿನಲ್ಲಿ ಆಟವನ್ನೇ ಕಸುಬಾಗಿ ಮಾಡಿಕೊಂಡವರಲ್ಲಿ ಇಂಥ ಭಾಗ್ಯ ದೊರೆಯುವುದು ಕೆಲವರಿಗೆ ಮಾತ್ರ. ಉಳಿದವರು ವರ್ಷಕ್ಕೊಂದು ಊರು, ಎರಡು ವರ್ಷಕ್ಕೊಂದು ದೇಶ ಎಂಬಂತೆ ಅಲೆದು, ತಮ್ಮ ವಿದ್ಯೆಯನ್ನು ಮಾರಿ ಬದುಕುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಟಗಾರರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ.

ಈ ಆಟವು ಹುಟ್ಟಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, 1891ರ ಡಿಸೆಂಬರಿನಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ಯುವಕರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ವ್ಯಾಯಾಮಶಾಲೆಯ ಎರಡು ತುದಿಗಳಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ, ಅವುಗಳಿಗೆ ಚೆಂಡೆಸೆಯುವ ಆಟವನ್ನು ರೂಪಿಸಿದರು. ಅವರೂ ಕೆನಡಾದಲ್ಲಿ ಹುಟ್ಟಿ ಕೆಲಸದ ನಿಮಿತ್ತ ಅಮೆರಿಕಕ್ಕೆ ಬಂದವರೇ! 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಇಂದು ಇದರ ಅತ್ಯಂತ ಪ್ರತಿಷ್ಠಿತ ಸ್ಪರ್ಧೆಯೆಂದರೆ ಎನ್‌ಬಿಎ ಎಂದು ಹೆಸರಾದ ಅಮೆರಿಕದ ಲೀಗು. ಅದರಲ್ಲಿರುವುದು 30 ತಂಡಗಳು. ಒಂದೊಂದು ತಂಡದಲ್ಲಿ ಹದಿನೈದರಷ್ಟು ಕಾಯಂ ಆಟಗಾರರು. ಅಷ್ಟು ದೊಡ್ಡ ದೇಶದಲ್ಲಿ ಕಾಲೇಜುಗಳಿಂದ ಹೊರಬರುವ ನಿಪುಣರ ಸಂಖ್ಯೆಯಾದರೋ ಬಹಳ ಹೆಚ್ಚು. ಸ್ಥಳವಿರುವುದು ಕೆಲವು ನೂರು ಮಂದಿಗೆ. ಮಿಕ್ಕವರು ಏನು ಮಾಡಬೇಕು? ಇಟಲಿ, ಸ್ಪೇನ್, ಫ್ರಾನ್ಸ್, ಟರ್ಕಿ, ಜಪಾನ್, ಆಸ್ಟ್ರೇಲಿಯ ಮೊದಲಾದ ದೇಶಗಳ ಕ್ಲಬ್ಬುಗಳ ಬಾಗಿಲು ತಟ್ಟಬೇಕು.

ಈ ಕಸುಬಿನ ರೀತಿಯೂ ತಿಳಿಯತಕ್ಕದ್ದೇ. ಪರದೇಶದ ಕ್ಲಬ್ಬು ಆಟಗಾರನೊಡನೆ ಸಾಮಾನ್ಯವಾಗಿ ಒಂದು ಋತುವಿಗೆ ಮಾತ್ರ ಕರಾರು ಮಾಡಿಕೊಳ್ಳುತ್ತದೆ. ಕರಾರನ್ನು ಕುದುರಿಸಿದ ಮಧ್ಯವರ್ತಿಗೆ ಅದರಲ್ಲೊಂದು ಪಾಲು ಸಲ್ಲುತ್ತದೆ. ಅನೇಕ ದೇಶಗಳಲ್ಲಿ ಒಂದು ತಂಡದಲ್ಲಿ ಇಷ್ಟೇ ಮಂದಿ ಹೊರಗಿನವರು ಇರಬೇಕೆಂಬ ಕಟ್ಟುಪಾಡಿದೆ. ಆದ್ದರಿಂದ ಹೊರಗಿನಿಂದ ಬಂದವನಿಂದ ಎಲ್ಲರೂ ಹೆಚ್ಚಿನದನ್ನೇ ನಿರೀಕ್ಷಿಸುತ್ತಾರೆ. ತಂಡವು ಗೆದ್ದಾಗ ಅವನನ್ನು ಹೊತ್ತು ಮೆರೆಯುವವರೇ ನಾಲ್ಕು ಪಂದ್ಯಗಳು ಸೋತೊಡನೆ ಅವನ ಸ್ಥಾನಕ್ಕೆ ಬೇರೊಬ್ಬನನ್ನು ಹುಡುಕತೊಡಗುತ್ತಾರೆ. ಕಾಲು ಉಳುಕಿದರೆ ಆ ವರ್ಷದ ಅನ್ನಕ್ಕೇ ಸಂಚಕಾರ. ಕೆಲವು ಕ್ಲಬ್ಬುಗಳು ಹೇಳಿದ ಸಂಬಳವನ್ನು ಕೊಡದೆ ಸತಾಯಿಸುವುದೂ ಉಂಟು. ಇಂಥ ವ್ಯಾಜ್ಯಗಳ ತೀರ್ಮಾನಕ್ಕಾಗಿಯೇ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವು 2007ರಲ್ಲಿ ಒಂದು ಪಂಚಾಯ್ತಿ ಮಂಡಲಿಯನ್ನು ಏರ್ಪಡಿಸಬೇಕಾಯಿತು. ದುಡಿದವನು ಕೂಲಿಗಾಗಿ ಅಲೆಯುವ ಕಷ್ಟವು ಆರೂವರೆ ಅಡಿ ಎತ್ತರದ ಆಟಗಾರನನ್ನೂ ಬಿಟ್ಟಿಲ್ಲ!

ಇಂಥ ಬದುಕನ್ನು ಬಾಳಿದವರಲ್ಲಿ ಜೋ ಬ್ರಯಂಟ್ ಒಬ್ಬರು. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 1954ರಲ್ಲಿ ಜನಿಸಿದ ಅವರು 1975ರಿಂದ 1983ರವರೆಗೆ ಎಂಟು ಋತುಗಳಲ್ಲಿ ಎನ್‌ಬಿಎಯ ಮೂರು ತಂಡಗಳಿಗೆ ಆಡಿದರು. ಆಟದಲ್ಲಿ ಜಾಣ್ಮೆಯಿತ್ತು, ಆದರೆ ಮೊದಲ ಸಾಲಿನ ಕೀರ್ತಿ ಒದಗಲಿಲ್ಲ. ತಾಯ್ನಾಡಿನಲ್ಲಿ ಅವಕಾಶವು ಮುಗಿದಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. 1984ರಲ್ಲಿ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕರೆದುಕೊಂಡು ಅವರು ಇಟಲಿಗೆ ತೆರಳಿದರು. ಮೊದಲು ರಿಯೇಟಿ ಎಂಬ ಸಣ್ಣ ಪಟ್ಟಣ, ಬಳಿಕ ದೇಶದ ದಕ್ಷಿಣ ತುದಿಯಲ್ಲಿರುವ ರೆಜ್ಜೊ ಕಲಾಬ್ರಿಯ, ಆಮೇಲೆ ಪಿಸ್ಟೋಯ, ಕೊನೆಗೆ ಉತ್ತರದ ರೆಜ್ಜೊ ಎಮಿಲಿಯ. ಏಳು ವರ್ಷಗಳಲ್ಲಿ ನಾಲ್ಕು ಊರುಗಳು! ಅಲ್ಲಿಂದ ಮುಂದೆ ಒಂದು ಋತು ಫ್ರಾನ್ಸಿನ ಮುಲೂಸ್ ನಗರದಲ್ಲಿ ಆಡಿದರು. ತಮ್ಮ ದೇಶದಲ್ಲಿ ಹಲವರಲ್ಲಿ ಒಬ್ಬರಾಗಿದ್ದ ಅವರು ಇಟಲಿಯ ಪುಟ್ಟ ಊರುಗಳಲ್ಲಿ ಜನರ ಮೆಚ್ಚಿನ ಆಟಗಾರರಾದರು.

ಮಕ್ಕಳ ಪಾಡೇನಾಯಿತು? ಇಟಲಿಗೆ ಹೋದಾಗ ಮಗ ಕೋಬಿಗೆ ಆರು ವರ್ಷ. ಭಾಷೆ ತಿಳಿಯದ ನಾಡು, ಗುರುತಿಲ್ಲದ ಮುಖಗಳು, ಹೊಸ ಶಾಲೆ. ಊರು ಬದಲಾದಂತೆಲ್ಲ ಗೆಳೆಯರೂ ಬದಲಾಗುತ್ತಿದ್ದರು. ಆದರೂ ಬಾಲಕನು ಅಲ್ಲಿಯ ಶಾಲೆಗಳಲ್ಲಿಯೇ ಓದಿ, ಇಟಲಿಯ ಭಾಷೆಯನ್ನು ತನ್ನದೇ ಮಾತೆಂಬಂತೆ ಕಲಿತನು. ತಂದೆಯ ಆಟವನ್ನು ಹತ್ತಿರದಿಂದ ನೋಡುತ್ತ, ಚೆಂಡನ್ನು ಹಿಡಿಯುವ, ಸಾಗಿಸುವ, ಎಸೆಯುವ ಮೂಲಪಾಠಗಳನ್ನು ಅಲ್ಲಿಯೇ ಮನದಟ್ಟು ಮಾಡಿಕೊಂಡನು. ಮುಂದೆ 1996ರಿಂದ 2016ರವರೆಗೆ ಇಪ್ಪತ್ತು ಋತುಗಳ ಕಾಲ ಲಾಸ್ ಏಂಜಲೀಸಿನ ಒಂದೇ ತಂಡದಲ್ಲಿ ಆಡಿ, ಐದು ಬಾರಿ ಅದರ ವಿಜಯದಲ್ಲಿ ಪಾಲುಗೊಂಡ ಕೋಬಿ ಬ್ರಯಂಟ್ ಈತನೇ. ಊರೂರು ಅಲೆದ ತಂದೆಯ ಮಗನು ಒಂದೇ ಊರಿನಲ್ಲಿ ನೆಲೆ ನಿಂತನು. ಕೋಬಿ 2020ರ ಜನವರಿಯಲ್ಲಿ ಹೆಲಿಕಾಪ್ಟರ್ ಅಪಘಾತಕ್ಕೆ ಬಲಿಯಾದರು. ಆಟವನ್ನು ನಿಲ್ಲಿಸಿದ ಮೇಲೆ ಜಪಾನ್, ಥಾಯ್ಲೆಂಡ್‌ಗಳಲ್ಲಿಯೂ ತರಬೇತುದಾರರಾಗಿ ದುಡಿದ ಜೋ ಬ್ರಯಂಟ್ 2024ರಲ್ಲಿ ತೀರಿಕೊಂಡರು.

ನಮ್ಮ ದೇಶದ ಆಟಗಾರರೂ ಈ ದಾರಿಯನ್ನು ತುಳಿದಿದ್ದಾರೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಎನ್‌ಬಿಎಯ ಡಲ್ಲಾಸ್ ತಂಡವು ಆರಿಸಿಕೊಂಡಿತು. ಆ ಆಯ್ಕೆಯ ಗೌರವ ಪಡೆದ ಮೊದಲ ಭಾರತೀಯರು ಅವರು. ಆದರೆ ಎನ್‌ಬಿಎ ಪಂದ್ಯದಲ್ಲಿ ಆಡುವ ಯೋಗ ಅವರಿಗೆ ಬರಲಿಲ್ಲ. ಕಿರಿಯ ಲೀಗಿನಲ್ಲಿಯೂ ಮುಂದೆ ಕೆನಡಾದಲ್ಲಿಯೂ ಆಡಿದರು. ಅಮೃತ್‌ಪಾಲ್ ಸಿಂಗ್ 2017ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಕಿಂಗ್ಸ್ ತಂಡವನ್ನು ಸೇರಿದರು.

ಕರ್ನಾಟಕದ ಮಟ್ಟಿಗೆ ಈ ಬಗೆಯ ದುಡಿಮೆಯ ನೆನಪು ಕ್ರಿಕೆಟ್ಟಿಗೆ ಸೇರಿದ್ದು. 1995ರಲ್ಲಿ ಇಂಗ್ಲೆಂಡಿನ ಪ್ರತಿ ಕೌಂಟಿ ತಂಡಕ್ಕೂ ಒಬ್ಬನೇ ಪರದೇಶಿ ಆಟಗಾರನಿಗೆ ಅವಕಾಶವಿತ್ತು. ಆ ಬೇಸಿಗೆಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ತಂಡಕ್ಕಾಗಿ 105 ವಿಕೆಟ್ಟುಗಳನ್ನೂ, ಮೈಸೂರಿನ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್ ತಂಡಕ್ಕಾಗಿ 87 ವಿಕೆಟ್ಟುಗಳನ್ನೂ ಪಡೆದರು. ಇವರು ಸ್ವದೇಶದಲ್ಲಿ ಪ್ರಸಿದ್ಧರಾಗಿದ್ದವರು, ನಿಜ. ಆದರೆ ಪರವೂರಿನ ಮೈದಾನದಲ್ಲಿ ಹಳೆಯ ಕೀರ್ತಿಯು ಕೈ ಹಿಡಿಯುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಅಂದಂದಿನ ದುಡಿಮೆಯೊಂದೇ.

ಆಟಗಾರನ ಗುಳೆಗೂ ಬಡ ಕೂಲಿಕಾರನ ಗುಳೆಗೂ ಅಂತರವಿಲ್ಲವೆಂದು ಹೇಳಲಾಗದು. ಆಟಗಾರನಿಗೆ ಕರಾರು ಪತ್ರವಿದೆ, ಒಳ್ಳೆಯ ವಸತಿಯಿದೆ, ಮಕ್ಕಳಿಗೆ ಶಾಲೆಯಿದೆ. ಗಾರೆ ಕೆಲಸದವನು ತಗಡಿನ ಸೂರಿನಡಿ ಮಲಗಿ, ತಾನೆಂದೂ ವಾಸಿಸದ ಮಹಡಿಗಳನ್ನು ಕಟ್ಟುತ್ತಾನೆ. ಕೋಬಿಗೆ ಪರದೇಶದಲ್ಲಿಯೂ ಶಾಲೆಯ ಬಾಗಿಲು ತೆರೆದಿತ್ತು. ಗುಳೆ ಹೋದ ಹಳ್ಳಿಯ ಮಗುವಿಗೆ ಅದು ಎಷ್ಟೋ ಸಲ ಮುಚ್ಚಿಹೋಗುತ್ತದೆ. ಈ ಅಂತರವನ್ನು ಕಡಿಮೆ ಮಾಡುವುದು ಸಮಾಜದ ಹೊಣೆ.

ಆದರೂ ಇಬ್ಬರಿಗೂ ಸಮಾನವಾದದ್ದು ಒಂದಿದೆ. ಇಬ್ಬರೂ ತಮ್ಮ ಮೈಯ ಬಲವನ್ನೂ ಕೈಯ ಕುಶಲತೆಯನ್ನೂ ನಂಬಿ, ಗುರುತಿಲ್ಲದವರ ನಡುವೆ ನಿಂತು ದುಡಿಯುತ್ತಾರೆ. ಬಸವಾದಿ ಶರಣರು ಬಾಳಿದ ಈ ಸೀಮೆಯಲ್ಲಿ ಕಾಯಕವೆಂಬ ಮಾತು ಹೊಸದಲ್ಲ. ಕೆಲಸವು ಯಾವುದೇ ಇರಲಿ, ಅದನ್ನು ನಿಷ್ಠೆಯಿಂದ ಮಾಡಿದವನಿಗೆ ಗೌರವ ಸಲ್ಲಬೇಕೆಂಬುದು ಅದರ ಸಾರ. ಗೆದ್ದವರ ಹೆಸರನ್ನು ಲೋಕವು ತಾನಾಗಿಯೇ ನೆನೆಯುತ್ತದೆ. ಊರೂರು ತಿರುಗಿ ದುಡಿದು, ಮಕ್ಕಳನ್ನು ಓದಿಸಿ, ಸದ್ದಿಲ್ಲದೆ ಮನೆಗೆ ಮರಳುವವರನ್ನು ನೆನೆಯಬೇಕಾದವರು ನಾವು.