ಬೇಸಗೆಯ ವಿಜ್ಞಾನ ಶಿಬಿರ: ಖಾಲಿ ಹಾಸ್ಟೆಲು, ಹದಿಹರೆಯದ ಮಕ್ಕಳು ಮತ್ತು ನಾವು

2023ರಲ್ಲಿ ಅಮೆರಿಕದಿಂದ ಬಂದ ಒಂದು ಉಯಿಲಿನ ಸುದ್ದಿ ವ್ಯಾಪಾರ ಬಂಧುಗಳ ಗಮನಕ್ಕೆ ಬಂದಿರಲಾರದು. ಮೊಬೈಲ್ ದೂರವಾಣಿಯ ಚಿಪ್‌ಗಳಿಗೆ ಹೆಸರಾದ ಕ್ವಾಲ್‌ಕಾಮ್ ಸಂಸ್ಥೆಯ ಸಹಸಂಸ್ಥಾಪಕರಲ್ಲಿ ಒಬ್ಬರಾದ ಫ್ರಾಂಕ್ಲಿನ್ ಆಂಟೋನಿಯೊ 2022ರಲ್ಲಿ ನಿಧನರಾದರು. ಅವರು ತಮ್ಮ ಆಸ್ತಿಯಲ್ಲಿ 20 ಕೋಟಿ ಡಾಲರುಗಳನ್ನು, ಎಂದರೆ ಆಗಿನ ವಿನಿಮಯ ದರದಲ್ಲಿ ₹1,600 ಕೋಟಿಗೂ ಮಿಗಿಲಾದ ಮೊತ್ತವನ್ನು, ಸಮರ್ ಸೈನ್ಸ್ ಪ್ರೋಗ್ರಾಂ ಎಂಬ ಒಂದು ಸಣ್ಣ ಸಂಸ್ಥೆಗೆ ಬಿಟ್ಟುಹೋಗಿದ್ದರು. ಆ ಸಂಸ್ಥೆಗೆ ಸ್ವಂತ ವಿಶ್ವವಿದ್ಯಾಲಯವಿಲ್ಲ. ಬೇಸಗೆಯಲ್ಲಿ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಹದಿಹರೆಯದ ವಿದ್ಯಾರ್ಥಿಗಳನ್ನು ಐದಾರು ವಾರ ಇರಿಸಿಕೊಂಡು ವಿಜ್ಞಾನ ಕಲಿಸುವುದಷ್ಟೇ ಅದರ ಕೆಲಸ. ಆಂಟೋನಿಯೊ ಅವರು ಶಾಲಾ ದಿನಗಳಲ್ಲಿ ಅಂಥ ಒಂದು ಬೇಸಗೆಯನ್ನು ಅಲ್ಲಿ ಕಳೆದಿದ್ದರು.

ಲಾಭನಷ್ಟವನ್ನು ಬಲ್ಲ ಒಬ್ಬ ಉದ್ಯಮಿಯು ತನ್ನ ಜೀವಮಾನದ ಗಳಿಕೆಯ ದೊಡ್ಡ ಪಾಲನ್ನು ಹುಡುಗನಾಗಿದ್ದಾಗ ಕಳೆದ ಕೆಲವೇ ವಾರಗಳ ಲೆಕ್ಕಕ್ಕೆ ಜಮೆ ಮಾಡಿದನೆಂದರೆ, ಆ ವಾರಗಳಲ್ಲಿ ನಡೆದುದೇನೆಂದು ವಿಚಾರಿಸುವುದು ನಮಗೆ ಸಹಜ.

ಈ ಶಿಬಿರ ಆರಂಭವಾದುದು 1959ರಲ್ಲಿ, ಕ್ಯಾಲಿಫೋರ್ನಿಯಾದ ಓಹಾಯ್ ಎಂಬ ಊರಿನ ಥ್ಯಾಚರ್ ಶಾಲೆಯಲ್ಲಿ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದ ಜನರಿಗೆ ತಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದುಳಿದರೆಂಬ ಭಯ ಹಿಡಿಯಿತು. ಆ ಭಯದ ಕಾಲದಲ್ಲಿ ಹುಟ್ಟಿದ ಹಲವು ಯೋಜನೆಗಳು ಭಯದೊಡನೆಯೇ ಮರೆಯಾದವು; ಇದು ಉಳಿಯಿತು. ಕ್ರಮೇಣ ಶಾಲೆಯ ಆವರಣವನ್ನು ಬಿಟ್ಟು ನ್ಯೂ ಮೆಕ್ಸಿಕೋ ಟೆಕ್, ಕೊಲರಾಡೊ ವಿಶ್ವವಿದ್ಯಾಲಯ ಮೊದಲಾದ ಕಡೆಗೆ ಸ್ಥಳಾಂತರಗೊಂಡಿತು.

ಉಳಿದುದಕ್ಕೆ ಕಾರಣ ಅದು ಮಕ್ಕಳಿಗೆ ಕೊಡುವ ಕೆಲಸದಲ್ಲಿದೆ ಎಂದು ನನ್ನ ಭಾವನೆ. ಆಕಾಶ ವಿಜ್ಞಾನದ ಶಿಬಿರದಲ್ಲಿ ಮೂವರು ಮೂವರ ತಂಡಗಳಿರುತ್ತವೆ. ಪ್ರತಿ ತಂಡಕ್ಕೂ ಭೂಮಿಯ ಸಮೀಪ ಹಾದುಹೋಗುವ ಒಂದು ಕ್ಷುದ್ರಗ್ರಹವನ್ನು ವಹಿಸಲಾಗುತ್ತದೆ. ರಾತ್ರಿ ದೂರದರ್ಶಕದಿಂದ ಅದರ ಚಿತ್ರ ತೆಗೆಯಬೇಕು, ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸಿ ಅದರ ಸ್ಥಾನವನ್ನು ಅಳೆಯಬೇಕು, ತಾವೇ ಬರೆದ ಕಂಪ್ಯೂಟರ್ ಕ್ರಮವಿಧಿಯಿಂದ ಅದರ ಕಕ್ಷೆಯನ್ನು ಗಣಿಸಬೇಕು. ಒಂದು ಕಕ್ಷೆಯನ್ನು ಪೂರ್ಣವಾಗಿ ಹೇಳಲು 6 ಸಂಖ್ಯೆಗಳು ಬೇಕು. ಒಂದು ರಾತ್ರಿಯ ವೀಕ್ಷಣೆ ಕೊಡುವುದು ಆಕಾಶದಲ್ಲಿನ ಸ್ಥಾನದ 2 ಸಂಖ್ಯೆಗಳನ್ನು ಮಾತ್ರ; ಕ್ಷುದ್ರಗ್ರಹ ಎಷ್ಟು ದೂರದಲ್ಲಿದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ಕನಿಷ್ಠ 3 ವೀಕ್ಷಣೆಗಳು ಬೇಕು. ಮೋಡ ಕವಿದರೆ ಆ ರಾತ್ರಿ ನಷ್ಟ. ಅರ್ಧಂಬರ್ಧ ಚೀಟಿಗಳಿಂದ ವರ್ಷದ ಖಾತೆಯನ್ನು ತಾಳೆ ಹಾಕಿದ ಅನುಭವವುಳ್ಳವರಿಗೆ ಈ ಸಂಕಟ ಸುಲಭವಾಗಿ ಅರ್ಥವಾದೀತು.

ಈ ವಿಧಾನಕ್ಕೆ 200 ವರ್ಷ ದಾಟಿದ ಇತಿಹಾಸವಿದೆ. 1801ರ ಜನವರಿ 1ರಂದು ಇಟಲಿಯ ಪಿಯಾಟ್ಸಿ ಎಂಬಾತ ಸೆರಿಸ್ ಎಂಬ ಕಾಯವನ್ನು ಕಂಡು, ಕೆಲವು ವಾರ ಹಿಂಬಾಲಿಸಿ, ಸೂರ್ಯನ ಬೆಳಕಿನಲ್ಲಿ ಕಳೆದುಕೊಂಡ. 24 ವರ್ಷದ ಗೌಸ್ ಇದ್ದಷ್ಟೇ ವೀಕ್ಷಣೆಗಳಿಂದ ಅದರ ಕಕ್ಷೆಯನ್ನು ಲೆಕ್ಕಹಾಕಿ ಎಲ್ಲಿ ಹುಡುಕಬೇಕೆಂದು ತಿಳಿಸಿದ. ಆ ವರ್ಷದ ಕೊನೆಯಲ್ಲಿ ಅದು ಹೇಳಿದ ಕಡೆಯೇ ಸಿಕ್ಕಿತು. ಶಿಬಿರದ ಮಕ್ಕಳು ಗೌಸನ ವಿಧಾನವನ್ನೇ ಅನುಸರಿಸುತ್ತಾರೆ. ತಮ್ಮ ಅಳತೆಗಳನ್ನು ಅವರು ಜಗತ್ತಿನ ಕ್ಷುದ್ರಗ್ರಹಗಳ ದಾಖಲೆಯನ್ನಿಡುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳುಹಿಸುತ್ತಾರೆ. ಅಳತೆ ತಪ್ಪಿದ್ದರೆ ಅಧ್ಯಾಪಕರು ಬೈಯುವ ಅಗತ್ಯವಿಲ್ಲ, ಕಕ್ಷೆಯೇ ಹೇಳುತ್ತದೆ. ಮೈಕ್ರೋಮೀಟರ್ ಹಿಡಿದ ನಮ್ಮ ಯಾವ ಟರ್ನರನಿಗಾದರೂ ಈ ಶಿಸ್ತು ಗೊತ್ತು. ಅಳತೆಯ ಜೊತೆಗೆ ಎಷ್ಟು ತಪ್ಪಿರಬಹುದೆಂಬ ಅಂದಾಜನ್ನೂ ಬರೆಯದಿದ್ದರೆ ಅದು ಅಳತೆಯೇ ಅಲ್ಲ. ನಮ್ಮ ಪದವೀಧರರಲ್ಲಿ ಇದನ್ನು ತಿಳಿಯದೆ ಕೆಲಸಕ್ಕೆ ಬರುವವರು ಎಷ್ಟು ಮಂದಿ ಎಂಬುದನ್ನು ನೇಮಕ ಮಾಡಿಕೊಂಡವರೇ ಬಲ್ಲರು.

ಖರ್ಚಿನ ಮಾತು. ಒಂದು ಆವರಣದಲ್ಲಿ ಸುಮಾರು 36 ವಿದ್ಯಾರ್ಥಿಗಳು. ಅವರೊಡನೆ ಅಲ್ಲಿಯೇ ವಾಸಿಸುವ ಅಧ್ಯಾಪಕರು, ಕಾಲೇಜು ವಿದ್ಯಾರ್ಥಿಗಳಾದ ಸಹಾಯಕರು ಮತ್ತು ವ್ಯವಸ್ಥಾಪಕರು ಸೇರಿ ಏಳೆಂಟು ಮಂದಿ. ಹೀಗೆ ಐದು ಮಕ್ಕಳಿಗೆ ಒಬ್ಬರ ಪ್ರಮಾಣದಲ್ಲಿ ದೊಡ್ಡವರನ್ನು ಇಡುವುದೇ ದುಬಾರಿ. ಕಟ್ಟಡ ಮತ್ತು ಹಾಸ್ಟೆಲು ರಜೆಯಲ್ಲಿ ಹೇಗೂ ಖಾಲಿ. ಕುಟುಂಬದ ವರಮಾನವನ್ನು ನೋಡಿ ಶುಲ್ಕ ವಿಧಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದಾರೆ. ಉಳಿದುದನ್ನು ಹಳೆಯ ವಿದ್ಯಾರ್ಥಿಗಳು ಭರಿಸುತ್ತಾರೆ. ಆ ಹಳೆಯ ವಿದ್ಯಾರ್ಥಿಗಳಲ್ಲಿ ಲೋಟಸ್ ಸಂಸ್ಥೆಯನ್ನು ಕಟ್ಟಿದ ಮಿಚ್ ಕೇಪೂರ್ ಕೂಡ ಒಬ್ಬರು.

ಅಮೆರಿಕದಲ್ಲಿ ಇದೊಂದೇ ಅಲ್ಲ. ಗಣಿತಜ್ಞ ಆರ್ನಾಲ್ಡ್ ರಾಸ್ 1957ರಲ್ಲಿ ಆರಂಭಿಸಿದ ಗಣಿತ ಶಿಬಿರವಿದೆ. 1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಇದೆ. ಎಂ.ಐ.ಟಿ. ಆವರಣದಲ್ಲಿ 6 ವಾರ ನಡೆಯುವ ಇದರಲ್ಲಿ ಆಯ್ಕೆಯಾದವರಿಗೆ ಬೋಧನೆ, ವಸತಿ, ಊಟ ಎಲ್ಲವೂ ಉಚಿತ. ಇನ್ನೊಂದು ಕಡೆ, ದೊಡ್ಡ ವಿಶ್ವವಿದ್ಯಾಲಯದ ಹೆಸರನ್ನೂ ಹಾಸ್ಟೆಲನ್ನೂ ಬಾಡಿಗೆಗೆ ಪಡೆದು ಸಾವಿರಾರು ಡಾಲರು ಶುಲ್ಕ ವಸೂಲು ಮಾಡುವ ಖಾಸಗಿ ಶಿಬಿರಗಳೂ ಧಾರಾಳವಾಗಿವೆ. ಈ ಎರಡನೆಯ ಬಗೆಯೇ ನಮ್ಮಲ್ಲಿಗೆ ಬೇಗ ಬಂದಿತು.

ಸರ್ಕಾರದ ಕಡೆಯಿಂದ ನಮ್ಮ ದೇಶದಲ್ಲಿ ಏನೂ ಆಗಿಲ್ಲವೆಂದು ಹೇಳುವುದು ತಪ್ಪಾದೀತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1999ರಲ್ಲಿ ಆರಂಭಿಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ನಿರ್ವಹಿಸುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. 2008ರಲ್ಲಿ ಘೋಷಿತವಾದ ಇನ್‌ಸ್ಪೈರ್ ಯೋಜನೆಯ ಒಂದು ಅಂಗವಾಗಿ ವಸತಿ ಶಿಬಿರಗಳನ್ನು ರೂಪಿಸಲಾಯಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮೊದಲ ಶೇಕಡ 1ರೊಳಗೆ ಬಂದು ವಿಜ್ಞಾನವನ್ನು ಆಯ್ದುಕೊಂಡವರಿಗೆ ವಿಶ್ವವಿದ್ಯಾಲಯ ಅಥವಾ ಕಾಲೇಜಿನ ಆವರಣದಲ್ಲಿ 5 ದಿನಗಳ ವಾಸ, ವಿಜ್ಞಾನಿಗಳ ಉಪನ್ಯಾಸ ಮತ್ತು ಪ್ರಯೋಗ. ಇಸ್ರೊ ಸಂಸ್ಥೆಯು 2019ರಲ್ಲಿ ಯುವಿಕಾ ಎಂಬ 2 ವಾರಗಳ ಶಿಬಿರವನ್ನು ಪ್ರಾರಂಭಿಸಿತು. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ, ಗ್ರಾಮೀಣರಿಗೆ ಆದ್ಯತೆ ನೀಡಿ, ಪ್ರಯಾಣದ ವೆಚ್ಚವನ್ನೂ ತಾನೇ ಭರಿಸಿ ನಡೆಸಿದ ಆ ಮೊದಲ ಶಿಬಿರದಲ್ಲಿ ಪ್ರತಿ ರಾಜ್ಯದಿಂದ ಮೂವರಿಗೆ ಅವಕಾಶವಿತ್ತು, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ಆತಿಥೇಯ ಕೇಂದ್ರಗಳಲ್ಲಿ ಒಂದಾಗಿತ್ತು.

ಇವೆಲ್ಲ ಶ್ಲಾಘನೀಯ. ಆದರೆ ಮೊದಲ ಶೇಕಡ 1ರ ಸಾಲಿಗೆ ಬರದ ಮಗುವಿನ ಗತಿ ಏನು? ಶೇಕಡ 78 ಅಂಕ ಪಡೆದ, ಆದರೆ ಮನೆಯ ಮಿಕ್ಸರನ್ನು ಬಿಚ್ಚಿ ಜೋಡಿಸಬಲ್ಲ ಹುಡುಗಿಯೇ ನಾಳೆ ನಮ್ಮ ಟೂಲ್‌ರೂಮಿಗೆ ಬೇಕಾದವಳು. ಅವಳಿಗಾಗಿ ಇರುವುದು ಶುಲ್ಕದ ಶಿಬಿರ ಮಾತ್ರ.

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳನ್ನು ಒಂದು ಕಾಲೇಜು ಆವರಣದ ರೋಬೋಟಿಕ್ಸ್ ಶಿಬಿರಕ್ಕೆ ಸೇರಿಸಿದೆವು. ಕರಪತ್ರ ಬಹಳ ಚೆನ್ನಾಗಿತ್ತು. ಒಂದು ವಾರದ ನಂತರ ಕರೆತರಲು ಹೋದಾಗ ಅವಳ ಕೈಯಲ್ಲಿ ಪ್ರಮಾಣಪತ್ರ, ಒಂದು ಟೋಪಿ ಮತ್ತು ಗುಂಪಿನ ಛಾಯಾಚಿತ್ರವಿದ್ದವು. ದಿನವಿಡೀ ಸಭಾಂಗಣದಲ್ಲಿ ಪರದೆಯ ಮೇಲಿನ ಪಾಠ. ಎಂಟು ಮಕ್ಕಳಿಗೆ ಒಂದು ಕಿಟ್. ಸೂಚನಾಪುಸ್ತಕದಂತೆ ಜೋಡಿಸಿದರೆ ಚಲಿಸುತ್ತದೆ, ಜೋಡಿಸಿದವನೂ ಒಬ್ಬನೇ ಹುಡುಗ. ದಾರಿಯುದ್ದಕ್ಕೂ ಅವಳು ಹೇಳಿದ್ದು ಮಾತ್ರ ಬೇರೆಯದೇ ಒಂದು ಸಂಗತಿ. ವೇಳಾಪಟ್ಟಿಯಲ್ಲಿ ಇರದ ಒಂದು ರಾತ್ರಿ ಪ್ರಯೋಗಾಲಯದ ಸಹಾಯಕರೊಬ್ಬರು ಸಣ್ಣ ದೂರದರ್ಶಕವನ್ನು ಹಾಸ್ಟೆಲಿನ ಮಹಡಿಗೆ ತಂದು ಗುರುವಿನ ಉಪಗ್ರಹಗಳನ್ನು ತೋರಿಸಿದರಂತೆ. ಮರುದಿನ ರಾತ್ರಿ ನೋಡಿದಾಗ ಅವುಗಳ ಜಾಗ ಬದಲಾಗಿತ್ತಂತೆ. ನಾವು ಕೊಟ್ಟ ಶುಲ್ಕದಲ್ಲಿ ಬಹುಶಃ ಒಂದು ಪೈಸೆಯೂ ಆ ಸಹಾಯಕರಿಗೆ ತಲಪಿರಲಾರದು.

ಆದ್ದರಿಂದ ಮಕ್ಕಳನ್ನು ಕಳುಹಿಸುವ ಮುನ್ನ ಸರಕು ಕೊಳ್ಳುವಾಗಿನ ಎಚ್ಚರವನ್ನೇ ವಹಿಸತಕ್ಕದ್ದು. ಮಗು ಅಲ್ಲಿ ತನ್ನ ಕೈಯಿಂದ ಏನು ಮಾಡುತ್ತದೆ, ಅದು ಕೆಟ್ಟರೆ ಮತ್ತೆ ಮಾಡಲು ಸಮಯವಿದೆಯೇ ಎಂದು ಕೇಳಿದರೆ ಅರ್ಧ ಕರಪತ್ರಗಳು ಉದುರಿಹೋಗುತ್ತವೆ. ರಾತ್ರಿಯ ಹೊಣೆ ಯಾರದೆಂಬುದು ಇನ್ನೂ ಮುಖ್ಯ. ಹೆಣ್ಣುಮಕ್ಕಳ ವಸತಿಯಲ್ಲಿ ಮಹಿಳಾ ಮೇಲ್ವಿಚಾರಕರು ಅಲ್ಲೇ ಮಲಗುತ್ತಾರೆಯೇ, ಜ್ವರ ಬಂದರೆ ಯಾವ ಆಸ್ಪತ್ರೆ, ಸಿಬ್ಬಂದಿಯ ಪೂರ್ವಾಪರವನ್ನು ಪರಿಶೀಲಿಸಿದ್ದಾರೆಯೇ ಎಂಬುದಕ್ಕೆ ಲಿಖಿತ ಉತ್ತರ ಬೇಕು. 2012ರ ಪೋಕ್ಸೊ ಕಾಯಿದೆಯಡಿ ಮಕ್ಕಳ ಮೇಲಿನ ಅಪರಾಧವನ್ನು ತಿಳಿದೂ ವರದಿ ಮಾಡದಿರುವುದೇ ಅಪರಾಧ. ಇದನ್ನು ಅರಿಯದ ಸಂಘಟಕನಿಗೆ ಹದಿನಾಲ್ಕು ವರ್ಷದ ಮಗುವನ್ನು ಒಪ್ಪಿಸಬಾರದು.

ಇನ್ನು ನಮ್ಮ ಪಾತ್ರ. ನಾವೇ ಒಂದು ಶಿಬಿರವನ್ನು ನಡೆಸಲಾಗದೇ ಎಂಬ ಪ್ರಶ್ನೆ ಸದಸ್ಯರಲ್ಲಿ ಮೂಡಬಹುದು. ವಿಜ್ಞಾನ ವಿದ್ಯೆಗೆ ವ್ಯಾಪಾರಿಯ ಹಣ ಹೊಸದಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಜೆಮ್‌ಶೆಟ್‌ಜಿ ಟಾಟಾ ಎಂಬ ವ್ಯಾಪಾರಿಯ ಸಂಕಲ್ಪ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯಿಂದ 1909ರಲ್ಲಿ ಸ್ಥಾಪಿತವಾಯಿತು. ಆದರೆ ಟಾಟಾ ಅವರ ಹೆಸರು ಹೇಳಿದೊಡನೆ ನಮ್ಮ ಸಣ್ಣ ಉದ್ಯಮಿಗಳು ಅದು ದೊಡ್ಡವರ ಕೆಲಸವೆಂದು ಸುಮ್ಮನಾಗುತ್ತಾರೆ. 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮವೂ ₹500 ಕೋಟಿ ನಿವ್ವಳ ಆಸ್ತಿ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭದ ಕಂಪನಿಗಳಿಗೆ ಅನ್ವಯಿಸುವಂಥದು. ಪಾಲುದಾರಿಕೆಯ ವರ್ಕ್‌ಶಾಪುಗಳಿಗೆ ಅದರ ಸೋಂಕಿಲ್ಲ. ನನ್ನ ದೃಷ್ಟಿಯಲ್ಲಿ ನಾವು ಕೊಡಬಹುದಾದ ಬೆಲೆಯುಳ್ಳ ವಸ್ತು ಹಣವಲ್ಲ, ನಮ್ಮ ಬಿಡಿಸಲಾಗದ ಸಮಸ್ಯೆಗಳು.

ಉದಾಹರಣೆಗೆ ಬೆಳಗಾವಿಯನ್ನು ತೆಗೆದುಕೊಳ್ಳಿ. ಉದ್ಯಮಬಾಗ, ಮಚ್ಛೆ ಪ್ರದೇಶಗಳಲ್ಲಿ ಎರಕದ ಕಾರ್ಖಾನೆಗಳು ಸಾಲುಸಾಲಾಗಿವೆ. ಅದೇ ಊರಿನಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವಿದೆ. ಎರಕದವರ ನಿತ್ಯದ ಗೋಳು ಗಾಳಿಗುಳ್ಳೆ. ಹೊರಗಿನಿಂದ ಚೆನ್ನಾಗಿ ಕಾಣುವ ಎರಕವನ್ನು ಗಿರಾಕಿಯ ಯಂತ್ರದಲ್ಲಿ ಕೊರೆದಾಗ ಒಳಗೆ ತೂತು. ಇಡೀ ಲಾಟು ವಾಪಸು. ಮರಳಿನ ತೇವ ಹೆಚ್ಚಾಗಿರಬಹುದು, ಅಚ್ಚಿನಲ್ಲಿ ಅನಿಲ ಹೊರಹೋಗಲು ದಾರಿ ಸಾಲದಿರಬಹುದು, ಸುರಿದ ಲೋಹದ ಉಷ್ಣತೆ ತಪ್ಪಿರಬಹುದು. ಫೋರ್‌ಮನ್ ಒಂದು ಕಾರಣ ಹೇಳುತ್ತಾನೆ, ಮರಳು ಪೂರೈಸುವವನು ಇನ್ನೊಂದು. ಕುಳಿತು ಎಣಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ತಿರಸ್ಕೃತವಾದ 50 ಎರಕಗಳನ್ನು ಕರಗಿಸುವ ಮುನ್ನ ಮೂರು ವಾರ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕಳುಹಿಸಿರೆಂದು ನನ್ನ ಸೂಚನೆ. ಪ್ರಯೋಗಾಲಯದ ಸಿಬ್ಬಂದಿ ಅವನ್ನು ಸೀಳಿಕೊಡಲಿ. ಮೂವರು ಮೂವರ ತಂಡಗಳು ಪ್ರತಿ ತುಂಡಿನಲ್ಲಿ ಗುಳ್ಳೆ ಎಲ್ಲಿದೆ, ಎಷ್ಟು ದೊಡ್ಡದು, ದುಂಡಗಿದೆಯೇ ಒರಟಾಗಿದೆಯೇ ಎಂದು ಅಳೆದು ನಕ್ಷೆ ಮಾಡಲಿ. ಆ ದಿನದ ಮರಳಿನ ತೇವದ ದಾಖಲೆಯೊಡನೆ ಹೋಲಿಸಲಿ. ದಾಖಲೆಯೇ ಇಲ್ಲದಿದ್ದರೆ ಮಕ್ಕಳು ಅದನ್ನೂ ಬರೆಯುತ್ತಾರೆ, ಅದೂ ನಮಗೆ ಒಂದು ಪಾಠ. ಹದಿನೈದು ವರ್ಷದವರಿಂದ ಇದು ಸಾಧ್ಯವೇ ಎಂಬುವರಿಗೆ, ಕ್ಷುದ್ರಗ್ರಹದ ಕಕ್ಷೆಯನ್ನು ಗಣಿಸುವವರೂ ಹೆಚ್ಚುಕಡಿಮೆ ಅದೇ ವಯಸ್ಸಿನವರೆಂದು ನೆನಪಿಸಬಹುದು.

ಒಂದು ಎಚ್ಚರಿಕೆ ಅತ್ಯಗತ್ಯ. ಎರಕವು ಮಕ್ಕಳ ಬಳಿ ಹೋಗಬೇಕೇ ಹೊರತು ಮಕ್ಕಳು ಕುಲುಮೆಯ ಬಳಿ ಹೋಗತಕ್ಕದ್ದಲ್ಲ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14ರಿಂದ 18 ವರ್ಷದೊಳಗಿನವರನ್ನು ಅಪಾಯಕಾರಿ ಉದ್ಯೋಗಗಳಲ್ಲಿ ತೊಡಗಿಸುವುದು ನಿಷಿದ್ಧ. ಶಿಬಿರದ ಹೆಸರಿನಲ್ಲಿ ರಜೆಯ ಕೂಲಿಯಾಳುಗಳು ದೊರೆತರೆಂದು ಯಾರಾದರೂ ಎಣಿಸಿದಲ್ಲಿ ಕಾನೂನು ಮಾತ್ರವಲ್ಲ, ಊರಿನ ತಾಯಿತಂದೆಯರೂ ಕ್ಷಮಿಸಲಾರರು. ಕಾರ್ಖಾನೆಯ ಭೇಟಿ ಒಂದು ದಿನಕ್ಕೆ ಸೀಮಿತವಾಗಿದ್ದು, ಗೆರೆ ಎಳೆದ ದಾರಿಯಲ್ಲೇ ನಡೆದು ಮುಗಿಯಲಿ.

ಕಾಲದ ಅಡಚಣೆಯೂ ಉಂಟು. ಪ್ರಥಮ ಪಿ.ಯು.ಸಿ. ಮುಗಿಸಿದವರ ಬೇಸಗೆಯನ್ನು ಪ್ರವೇಶಪರೀಕ್ಷೆಯ ತರಬೇತಿ ಕೇಂದ್ರಗಳು ಆಗಲೇ ಕೊಂಡುಬಿಟ್ಟಿವೆ. ಉಳಿಯುವವರು ಒಂಬತ್ತನೆಯ ತರಗತಿ ಮುಗಿಸಿದವರು ಮತ್ತು ಎಸ್ಸೆಸ್ಸೆಲ್ಸಿ ಬರೆದು ಮುಂದಿನ ಪ್ರವೇಶಕ್ಕೆ ಕಾಯುತ್ತಿರುವವರು. ಈ ಎರಡನೆಯವರಿಗೆ ಮೇಷ್ಟರೂ ಇಲ್ಲ, ಪುಸ್ತಕವೂ ಇಲ್ಲ. ನಮ್ಮ ಕೆಲಸಕ್ಕೆ ಇವರೇ ತಕ್ಕವರು. ಏಪ್ರಿಲ್ ಮಧ್ಯದಿಂದ ಮೂರು ವಾರಗಳನ್ನು ಹಿಡಿದರೆ, ವಿಶ್ವವಿದ್ಯಾಲಯಗಳ ಪರೀಕ್ಷಾ ವೇಳಾಪಟ್ಟಿ ಪ್ರಕಟವಾಗುವ ಮೊದಲೇ ಹಾಸ್ಟೆಲು ಮತ್ತು ಪ್ರಯೋಗಾಲಯಕ್ಕಾಗಿ ಕುಲಸಚಿವರಿಗೆ ಪತ್ರ ಹೋಗಬೇಕಾಗುತ್ತದೆ. ನವೆಂಬರ್ ದಾಟಿದರೆ ತಡವಾಯಿತೆಂದೇ ತಿಳಿಯಬೇಕು. ತಿರಸ್ಕೃತ ಎರಕಗಳನ್ನೋ, ಒಡೆದ ಗೇರುಗಳನ್ನೋ, ಸುಟ್ಟ ಮೋಟಾರುಗಳನ್ನೋ ಅವುಗಳ ದಿನಾಂಕದ ಚೀಟಿಯೊಡನೆ ಎತ್ತಿಡಲು ಒಪ್ಪುವ ಸದಸ್ಯರು ತಮ್ಮ ಹೆಸರನ್ನು ಕಾರ್ಯದರ್ಶಿಗಳಲ್ಲಿ ಬರೆಯಿಸಬಹುದು. ಚೀಟಿಯಿಲ್ಲದ ಎರಕ ಬೇಡ, ಅದರಿಂದ ಮಕ್ಕಳಿಗೆ ಏನೂ ತಿಳಿಯದು.