ತೊಗರಿ ಹೊಲದಲ್ಲಿ ಊಹಾಕಥನ

ಇರುವ ಲೋಕದ ಒಂದು ನಿಯಮವನ್ನು ಬೇಕೆಂದೇ ಬದಲಿಸಿ, ಅದರಿಂದ ಬದುಕಿನಲ್ಲಿ ಏನೇನು ಏರುಪೇರಾಗುತ್ತದೆ ಎಂಬುದನ್ನು ಕೊನೆಯವರೆಗೂ ಬೆನ್ನಟ್ಟುವ ಬರವಣಿಗೆಯನ್ನು ಊಹಾಕಥನ ಎನ್ನಬಹುದು. ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ, ಭವಿಷ್ಯದ ಸಮಾಜವನ್ನು ಚಿತ್ರಿಸುವ ಕಥೆ ಇವೆಲ್ಲ ಅದರ ಕವಲುಗಳು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅವರು ವೈಜ್ಞಾನಿಕ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟರು, ಮನು ಅವರು ‘ಮಹಾಸಂಪರ್ಕ’ದಲ್ಲಿ ಮಹಾಭಾರತವನ್ನು ವಿಜ್ಞಾನದ ಕಣ್ಣಿನಿಂದ ನೋಡಿದರು, ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯೊಂದರ ಬೆನ್ನುಹತ್ತಿ ಈ ಪ್ರಕಾರದ ಅಂಚಿನವರೆಗೆ ಬಂದಿತು. ಇವೆಲ್ಲ ಇದ್ದರೂ ನಮ್ಮ ವಿಮರ್ಶೆ ಈ ಬಗೆಯ ಬರವಣಿಗೆಯನ್ನು ಬಹುಮಟ್ಟಿಗೆ ಮಕ್ಕಳ ಓದಿನ ಪಕ್ಕದಲ್ಲೇ ಕೂರಿಸಿದೆ.

ಕಲಬುರಗಿಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಈ ಕಸುಬು ಅಷ್ಟೇನೂ ಪರಕೀಯವಲ್ಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದಿನ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರಿಂದ ಹಿಡಿದು ಅವರ ಶಿಷ್ಯ ಪರಂಪರೆಯ ಚನ್ನೂರ ಜಲಾಲಸಾಬರವರೆಗೆ ತತ್ವಪದಕಾರರು ಬಳಸಿದ ಬೆಡಗು, ಅಂದರೆ ಮೇಲುನೋಟಕ್ಕೆ ಅಸಂಗತವಾಗಿ ಕಂಡು ಒಳಗೆ ಬೇರೊಂದು ಅರ್ಥವನ್ನು ಬಚ್ಚಿಟ್ಟುಕೊಂಡ ಮಾತಿನ ಬಗೆ, ಅಸಾಧ್ಯವನ್ನು ಕಣ್ಣೆದುರು ನಿಲ್ಲಿಸುವ ಕಲೆಯೇ ಆಗಿದೆ. ಭಜನೆಯಲ್ಲಿ ಏಕತಾರಿ ಹಿಡಿದು ಕೂತವರಿಗೆ ಅದು ವಿಚಿತ್ರವೆನಿಸುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಬೆಡಗಿನ ಕೀಲಿ ಪದದ ಹೊರಗೆ, ಗುರುವಿನ ಬಳಿ ಇರುತ್ತದೆ, ಊಹಾಕಥನದ ಕೀಲಿಯಾದರೋ ಕಥೆಯ ಒಳಗೇ ಸಿಗಬೇಕು, ಬಿಡಿಸಿ ಹೇಳಲು ಲೇಖಕ ಓದುಗನ ಪಕ್ಕದಲ್ಲಿ ಇರುವುದಿಲ್ಲವಾದ್ದರಿಂದ ಲೋಕದ ಕಟ್ಟಳೆ ಪುಟಗಳಲ್ಲೇ ತಿಳಿಯದೆ ಹೋದರೆ ಕಥೆ ಬರಿಯ ಗೋಜಲಾಗುತ್ತದೆ.

ಕಟ್ಟಳೆ ಕಟ್ಟುವ ಬಗೆಯನ್ನು ಆಳಂದ ಸೀಮೆಯ ನರೋಣಾ ಸುತ್ತಿನ ಎರೆ ಹೊಲದಲ್ಲೇ ನೋಡಬಹುದು. ತೊಗರಿ ಗಿಡಕ್ಕೆ ತಾನು ಕಂಡ ಮಳೆಗಳ ನೆನಪು ಇರುತ್ತದೆ, ಆ ನೆನಪು ಬೀಜದಿಂದ ಬೀಜಕ್ಕೆ ಇಳಿಯುತ್ತದೆ ಎಂದು ಲೇಖಕನೊಬ್ಬ ಊಹಿಸಿದನೆನ್ನೋಣ. ಊಹೆ ಇಷ್ಟಕ್ಕೇ ನಿಂತರೆ ಅದು ಚಮತ್ಕಾರ ಮಾತ್ರ. ಹಳೆಯ ಬರ ನೆನಪಿರುವ ಬೀಜಕ್ಕೆ ಬಿತ್ತಿಗೆಯ ಹೊತ್ತಿನಲ್ಲಿ ಯಾರು ಹೆಚ್ಚು ಬೆಲೆ ಕೊಡುತ್ತಾರೆ, ಕಲಬುರಗಿಯ ಅಡತ್ ಅಂಗಡಿಯಲ್ಲಿ ಧಾರಣೆ ಕೂಗುವವನು ಆ ನೆನಪನ್ನು ಹೇಗೆ ಪರೀಕ್ಷಿಸುತ್ತಾನೆ, ದಾಲ್ ಮಿಲ್ಲಿನಲ್ಲಿ ಒಡೆದು ಬೇಳೆಯಾದ ಮೇಲೆ ನೆನಪು ಉಳಿಯುತ್ತದೆಯೇ, ಉಳಿದರೆ ಉಂಡವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರಬೇಕು. ಬೇರಿನಿಂದ ಏರಿ ಗಿಡವನ್ನು ನಿಂತಲ್ಲೇ ಒಣಗಿಸುವ, ಈ ಸೀಮೆಯ ರೈತರು ಚೆನ್ನಾಗಿ ಬಲ್ಲ ನೆಟೆರೋಗ ಆ ಲೋಕದಲ್ಲಿ ಮರೆವಿನ ರೋಗವೂ ಆಗುತ್ತದೆ. ಆಗ ಒಂದು ಊರಿನ ಇಡೀ ಬೆಳೆ ನೆಟೆಗೆ ತುತ್ತಾದರೆ ಹೋದದ್ದು ರಾಶಿಯಷ್ಟೇ ಅಲ್ಲವೆಂಬುದು ವಿವರಣೆಯಿಲ್ಲದೆಯೇ ಹೊಳೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಇಂಥ ಕಥೆಗೆ ಮಂಗಳ ಗ್ರಹಕ್ಕಿಂತ ಗಟ್ಟಿಯಾದ ನೆಲ ಎಂದರೆ ತಪ್ಪಾಗದು, ಏಕೆಂದರೆ ಬದಲಿಸಿದ್ದು ಒಂದೇ ನಿಯಮವಾಗಿ ಉಳಿದದ್ದೆಲ್ಲ ಪರಿಚಿತವಾಗಿದ್ದಾಗ ಓದುಗ ಆ ಒಂದನ್ನು ನಂಬಲು ಸಿದ್ಧನಾಗುತ್ತಾನೆ. ಪಾತ್ರಗಳು ಈ ಸೀಮೆಯ ಮಾತನ್ನೇ ಆಡಬೇಕೆಂಬುದಕ್ಕೂ ಇದೇ ಕಾರಣ.

ಇನ್ನು ಇಂಥ ಕಥೆಯನ್ನು ತಾನೇ ಪ್ರಕಟಿಸುವ ಸ್ವತಂತ್ರ ಲೇಖಕ ಎಂದರೆ ಅಚ್ಚಿನ ಖರ್ಚು, ಮುಖಪುಟ, ಬೆಲೆ, ಮಾರಾಟ ಎಲ್ಲವನ್ನೂ ತಾನೇ ಹೊತ್ತವನು. ಕನ್ನಡಕ್ಕೆ ಇದು ಹೊಸದಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು, ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದರು, ತೇಜಸ್ವಿಯವರ ಬರವಣಿಗೆ ಅವರದೇ ‘ಪುಸ್ತಕ ಪ್ರಕಾಶನ’ದಿಂದ ಬಂದಿತು. ಸ್ವಾತಂತ್ರ್ಯದ ಈ ಹಿರಿಮೆಯನ್ನು ಹಾಡಿ ಹೊಗಳುವವರು ಸಂಪಾದಕನ ಮಾತನ್ನು ಎತ್ತುವುದಿಲ್ಲ. ಊಹಾಕಥನದಲ್ಲಿ ಮೂರನೆಯ ಅಧ್ಯಾಯದ ಕಟ್ಟಳೆ ಹದಿನೈದನೆಯದರಲ್ಲಿ ಮುರಿದಿದೆಯೆಂದು ತೋರಿಸಿಕೊಡುವವನು ಅವನೇ ಆಗಿರುವುದರಿಂದ, ಸ್ವತಂತ್ರ ಲೇಖಕ ತನ್ನ ಲೋಕದ ನಿಯಮಗಳನ್ನು ಬೇರೆ ವಹಿಯಲ್ಲಿ ಬರೆದಿಟ್ಟುಕೊಂಡು, ಕರಡನ್ನು ಮೊದಲು ಸಾಹಿತ್ಯದ ಗೆಳೆಯರಿಗಿಂತ ವಿಷಯ ಬಲ್ಲವರಿಗೆ, ತೊಗರಿಯ ಕಥೆಯಾದರೆ ಒಬ್ಬ ಒಕ್ಕಲಿಗನಿಗೂ ಒಬ್ಬ ಅಡತ್ ಗುಮಾಸ್ತನಿಗೂ, ಓದಿಸುವುದು ಲೇಸು.

ಅಚ್ಚಿನ ಹಂತದಲ್ಲಿ ಈ ಪ್ರಕಾರಕ್ಕೇ ವಿಶೇಷವಾದ ಒಂದು ತೊಡಕಿದೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಯೂನಿಕೋಡ್‌ನಲ್ಲಿ ಬರೆದದ್ದನ್ನು ಎಷ್ಟೋ ಡಿ.ಟಿ.ಪಿ. ಕೇಂದ್ರಗಳು ಪುಟ ಕಟ್ಟುವ ಮೊದಲು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಕ್ಕೆ ಬದಲಿಸುತ್ತವೆ. ಆಗ ಅರ್ಕಾವತ್ತು ಜಾಗ ತಪ್ಪುವುದುಂಟು, ‘ರೋಬಾಟ್‌ಗಳು’ ಎಂಬುದು ‘ರೋಬಾಟ್ಗಳು’ ಆಗುವುದುಂಟು. ಬಳಕೆಯ ಪದ ಕೆಟ್ಟರೆ ಕರಡು ತಿದ್ದುವವನ ಕಣ್ಣಿಗೆ ಬೀಳುತ್ತದೆ, ಲೇಖಕನೇ ಹುಟ್ಟಿಸಿದ ಊರು, ಯಂತ್ರ, ಜೀವಿಗಳ ಹೆಸರು ಕೆಟ್ಟರೆ ಅದು ಕೆಟ್ಟಿದೆಯೆಂದೇ ಬೇರೆಯವರಿಗೆ ಗೊತ್ತಾಗದು. ಡೆಮಿ 1/8 ಅಳತೆಯಲ್ಲಿ ಒಂದು ಫಾರಂಗೆ 16 ಪುಟ ಎಂಬ ಲೆಕ್ಕವೂ ನೆನಪಿರಬೇಕು: 176 ಪುಟಕ್ಕೆ 11 ಫಾರಂ ಸಾಕು, ಎರಡು ಪುಟ ಮೀರಿದರೆ ಇನ್ನೊಂದರ ಖರ್ಚು ಮೈಮೇಲೆ ಬರುತ್ತದೆ. ಐ.ಎಸ್.ಬಿ.ಎನ್. ಸಂಖ್ಯೆ ಸರ್ಕಾರದ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ; 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು.

ಮಾರಾಟದ ಹಾದಿ ಇನ್ನೂ ಕಿರಿದು. 2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ತೆರೆದುಕೊಂಡಾಗ ಕನ್ನಡ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಮೈಲ್ಯಾಂಗ್‌ನಂಥ ಕನ್ನಡದವೇ ಆದ ಇ-ಪುಸ್ತಕ ಮಳಿಗೆಗಳು ಒಂದಿಷ್ಟು ತುಂಬಿವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಸಾವಿರ ಪ್ರತಿ ಅಚ್ಚು ಹಾಕಿಸುವ ಹಳೆಯ ರೂಢಿ ಹೊಸ ಲೇಖಕನಿಗೆ ಅಪಾಯದ್ದೇ ಸರಿ. ಬೇಡಿಕೆ ಬಂದಷ್ಟೇ ಪ್ರತಿ ತೆಗೆಯುವ ಡಿಜಿಟಲ್ ಮುದ್ರಣದಲ್ಲಿ ಪ್ರತಿಯೊಂದರ ಖರ್ಚು ಹೆಚ್ಚಾದರೂ ಐವತ್ತೋ ನೂರೋ ಪ್ರತಿ ಹೊರಟ ಮೇಲೆ, ಓದಿದ ರೈತನೊಬ್ಬ ನೆಟೆ ಬಿದ್ದ ಗಿಡ ಕಥೆಯಲ್ಲಿ ಹೇಳಿದ ಹೊತ್ತಿನಲ್ಲಿ ಹೂ ಬಿಡದೆಂದು ಎತ್ತಿ ತೋರಿಸಿದರೆ, ಮುಂದಿನ ಕಂತಿನಲ್ಲೇ ಆ ಪುಟ ತಿದ್ದಿಕೊಳ್ಳಬಹುದು.