ಅಂಗೈಯಗಲದ ಪರದೆಗೆ ಅಡುಗೆ ಪುಟ

ಪುಟ್ಟ ಡಬ್ಬಿಯಲ್ಲಿ ಬುತ್ತಿ ತುಂಬುವ ಜಾಣ್ಮೆ ಗೃಹಿಣಿಯರಿಗೆ ಹೊಸದೇನಲ್ಲ. 1999ರಲ್ಲಿ ಇಂಟರ್ನೆಟ್ ತೋರಿಸುವ ನೋಕಿಯಾ 7110 ಫೋನು ಬಂದಾಗ ವೆಬ್‌ಸೈಟ್ ಮಾಡುವವರಿಗೂ ಅದೇ ಜಾಣ್ಮೆ ಬೇಕಾಯ್ತು. ಬಣ್ಣವಿಲ್ಲದ ಪರದೆ, ಅಗಲ 96 ಚುಕ್ಕಿ, ಎತ್ತರ 65, ಅಷ್ಟೇ!

ಬರೆಯುವ ಭಾಷೆ ಡಬ್ಲ್ಯುಎಂಎಲ್. ಇದರಲ್ಲಿ ಇಸ್ಪೀಟಿನಂತೆ ಒಂದು ಕಟ್ಟು, ಅದರೊಳಗೆ ಎಲೆಗಳು. ಉಪ್ಪಿಟ್ಟು ಹೇಳಿಕೊಡಬೇಕೆನ್ನಿ: ಮೊದಲ ಎಲೆಯಲ್ಲಿ ಸಾಮಾನು, ಎರಡನೆಯದರಲ್ಲಿ ಒಗ್ಗರಣೆ, ಮೂರನೆಯದರಲ್ಲಿ ಕುದಿಯುವ ನೀರಿಗೆ ರವೆ. ಕಟ್ಟು ಸುಮಾರು 1,400 ಬೈಟ್ ಮೀರಿದರೆ ಫೋನು ತೆಗೆದುಕೊಳ್ಳದು. ‘ಘಮಘಮಿಸುವ’ ಅನ್ನೋ ಮಾತಿಗೆಲ್ಲ ಕತ್ತರಿ. ಲಾಭವೂ ಇತ್ತು ನೋಡಿ. ಆಗ ಸಂಪರ್ಕಕ್ಕೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಕಟ್ಟು ಒಮ್ಮೆ ಬಂದಿಳಿದರೆ, ಲೈನು ಕಡಿದು ನಿಧಾನವಾಗಿ ಎಲೆ ತಿರುವಬಹುದಿತ್ತು.

ಕೊರಗು ಒಂದೇ. ಆ ಫೋನಿಗೆ ಕನ್ನಡ ಲಿಪಿ ಬರುತ್ತಿರಲಿಲ್ಲ. ನಮ್ಮ ಉಪ್ಪಿಟ್ಟನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಿತ್ತು.